ಬುಡಾಪೆಸ್ಟ್‌ಗೆ ಹೊರಟಿದೀವಿ, ಮಗಳನ್ನ ಇಂಗ್ಲಿಷ್-ಹಂಗೇರಿಯನ್ ಎರಡೂ ಇರೋ ಸ್ಕೂಲಿಗೆ ಹಾಕಬಹುದಾ?

ಕುವೆಂಪುನಗರದ ಅಮ್ಮ:
ಎಲ್ರಿಗೂ ನಮಸ್ಕಾರ. ನಮ್ಮನೆಯವ್ರಿಗೆ ಬುಡಾಪೆಸ್ಟ್‌ನಲ್ಲಿ ಕೆಲ್ಸ ಆಗಿದೆ, ಆಗಸ್ಟ್‌ನಲ್ಲಿ ಹೊರಡ್ಬೇಕು. ಮಗಳು ಇಲ್ಲೇ ಮೈಸೂರಲ್ಲಿ ಯುಕೆಜಿ ಮುಗಿಸಿದಾಳೆ, ಮನೇಲಿ ಪೂರ್ತಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷು. ಅಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್ ಫೀಸ್ ನಮ್ಮ ಕೈಗೆ ಎಟುಕಲ್ಲ, ಅದ್ಬಿಟ್ರೆ ಕೆಲವು ಪಾಠ ಇಂಗ್ಲಿಷಲ್ಲಿ ಉಳಿದಿದ್ದು ಹಂಗೇರಿಯನ್‌ನಲ್ಲಿ ಮಾಡೋ ಪ್ರೈಮರಿ ಸ್ಕೂಲ್ ಇವೆಯಂತೆ. ನಮ್ಮತ್ತೆ, ಮೂರು ಭಾಷೆ ಒಟ್ಟಿಗೆ ತುರುಕಿದ್ರೆ ಮಗೂಗೆ ಯಾವ್ದೂ ನೆಟ್ಟಗೆ ಬರಲ್ಲ ಅಂತಾರೆ. ನಂಗೂ ಅದೇ ಭಯ. ಗೊತ್ತಿರೋರು ಹೇಳಿ ಪ್ಲೀಸ್. ಊಟದ್ದೂ ಹೇಳಿ, ನಾವು ಮಾಂಸ ತಿನ್ನಲ್ಲ.

ಸರಸ್ವತಿಪುರಂ ಟು ಬುಡಾ:
ಮೇಡಂ, ನಾನು ಇಲ್ಲೇ ಇರೋದು. ಒಂದು ವಿಷ್ಯ ಮೊದ್ಲೇ ತಿಳ್ಕೊಳ್ಳಿ, ಈ ಸ್ಕೂಲ್‌ಗಳು ಹೊರಗಿಂದ ಬಂದೋರಿಗೆ ಅಂತ ಮಾಡಿದ್ದಲ್ಲ, ಹಂಗೇರಿ ಮಕ್ಕಳಿಗೆ ಇನ್ನೊಂದು ಭಾಷೆ ಚೆನ್ನಾಗಿ ಬರ್ಲಿ ಅಂತ ಮಾಡಿದ್ದು, 1987ರಲ್ಲಿ ಹೈಸ್ಕೂಲ್ ಮಟ್ಟದಲ್ಲಿ ಶುರುವಾಗಿ ಆಮೇಲೆ ಪ್ರೈಮರಿಗೂ ಬಂತು. ಅಂದ್ರೆ ಓದು ಬರಹ ಹಂಗೇರಿಯನ್‌ನಲ್ಲೇ ಕಲಿಸ್ತಾರೆ, ಆಟದ ಮೈದಾನದಲ್ಲೂ ಅದೇ ಭಾಷೆ. ನಿಮ್ಮ ಮಗಳಿಗೆ ಇಂಗ್ಲಿಷ್ ಪಿರಿಯಡ್ ಸುಲಭ, ಉಳಿದಿದ್ದು ಮೊದಮೊದಲು ಕಷ್ಟ ಆಗೇ ಆಗತ್ತೆ. ಆದ್ರೆ ಒಂದನೇ ಕ್ಲಾಸಲ್ಲಿ ಎಲ್ರೂ ಅಕ್ಷರದಿಂದಾನೇ ಶುರು ಮಾಡೋದು, ಮಾರ್ಕ್ಸ್ ಕೊಡಲ್ಲ, ಮಗು ಹೇಗಿದೆ ಅಂತ ಟೀಚರ್ ಬರೆದು ಕೊಡ್ತಾರೆ, ಹಾಗಾಗಿ ಸೇರಿಸೋಕೆ ಇದಕ್ಕಿಂತ ಒಳ್ಳೇ ವಯಸ್ಸಿಲ್ಲ. ಸೆಪ್ಟೆಂಬರ್ 1ಕ್ಕೆ ಸ್ಕೂಲ್ ಶುರು, ಸೀಟು ಈಗ್ಲೇ ವಿಚಾರಿಸಿ. ಇನ್ನೊಂದು, ಹಂಗೇರಿಯನ್‌ಗೂ ಇಂಗ್ಲಿಷ್‌ಗೂ ಸಂಬಂಧ ಇಲ್ಲ, ಫಿನ್ನಿಶ್ ಕಡೆ ಬಳಗ ಅದು, ವಿಭಕ್ತಿ ಎಲ್ಲಾ ನಮ್ಮ ಥರಾನೇ ಪದದ ಕೊನೇಗೆ ಅಂಟ್ಕೊಳ್ಳತ್ತೆ, ಕನ್ನಡದ ಮಗೂಗೆ ಅದೇನು ಹೊಸದಲ್ಲ. ಲೆಕ್ಕದಲ್ಲಿ ಮಾತ್ರ ನೋಡ್ಕೊಳಿ, ಭಾಗಾಕಾರಕ್ಕೆ ಮೇಲೊಂದು ಕೆಳಗೊಂದು ಎರಡು ಚುಕ್ಕಿ ಮಾತ್ರ ಹಾಕ್ತಾರೆ, ದಶಮಾಂಶಕ್ಕೆ ಕಾಮಾ.

ಊಟ: ಕ್ಯಾಂಟೀನಲ್ಲಿ ಮಾಂಸ ಜಾಸ್ತಿ, ಸೇರಿಸೋವಾಗ್ಲೇ ಸಸ್ಯಾಹಾರಿ ಅಂತ ಹೇಳಿ, ಡಬ್ಬಿ ತರಬಹುದಾ ಅಂತಾನೂ ಕೇಳಿ. ಗಸಗಸೆ ಪುಡಿ ಸಕ್ಕರೆ ಉದುರಿಸಿದ ಪಾಸ್ತಾ ಕೊಡ್ತಾರೆ, ಮಕ್ಕಳು ಅದಕ್ಕೆ ಪ್ರಾಣ ಬಿಡ್ತಾರೆ.

ಮಂಡ್ಯ ಮೇಷ್ಟ್ರು:
ಅಮ್ಮಾ ನಿಮ್ಮತ್ತೆಯವರ ಭಯ ನಂಗೆ ಅರ್ಥ ಆಯ್ತದೆ, ಆದ್ರೆ ಹಂಗಾಗಲ್ಲ ಕಣಮ್ಮ. ನಾನು ಸರ್ಕಾರಿ ಶಾಲೇಲಿ ನಲಿ-ಕಲಿ, ಅಂದ್ರೆ ಆಟ-ಚಟುವಟಿಕೇಲಿ ಕಲಿಸೋ ಪದ್ಧತಿ, ಮಾಡ್ತಿರೋನು, 1995ರಲ್ಲಿ ನಿಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೇಲೇ ಹುಟ್ಟಿದ್ದು ಅದು. 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗ ಶುರುವಾದಾಗ್ನಿಂದ ಎರಡು ಭಾಷೆ ಮಕ್ಕಳನ್ನ ಎದುರಿಗೇ ನೋಡ್ತಿವ್ನಿ. ಹುಣಸೆಬೀಜ ಇಟ್ಕೊಂಡು ಕೂತು ಕನ್ನಡದಲ್ಲಿ ಎಣಿಸ್ತವೆ, ಎದ್ದು ನಿಂತು ಉತ್ತರ ಇಂಗ್ಲಿಷಲ್ಲಿ ಹೇಳ್ತವೆ. ಮನೆ ಭಾಷೆ ಗಟ್ಟಿ ಇರೋ ಮಗೂಗೆ ಎರಡನೇದು ಬೇಗ ಹತ್ತದೆ, ಕೈಕೊಡೋದು ಮನೇಲೂ ಅರೆಬರೆ ಇಂಗ್ಲಿಷ್ ಮಾತಾಡೋರ ಮಕ್ಕಳು. ಅಲ್ಲಿ ಹೋದ್ಮೇಲೆ ನೀವು ಕನ್ನಡ ಬುಡ್ಬೇಡಿ, ಸ್ಕೂಲಲ್ಲಿ ಏನು ಮಾಡ್ದೆ ಅಂತ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಹೇಳ್ಲಿ.

ವಿಜಯನಗರ 4ನೇ ಸ್ಟೇಜ್:
ಎಲ್ಲಾ ಸರಿ, ಎಷ್ಟು ವರ್ಷ ಇರ್ತೀರಾ? ಒಂದೆರಡು ವರ್ಷಕ್ಕೆ ವಾಪಸ್ ಬರೋದಾದ್ರೆ ಹಂಗೇರಿಯನ್ ಕಲಿಸಿ ಏನು ಪ್ರಯೋಜನ, ಇಲ್ಲಿಗೆ ಬಂದ್ಮೇಲೆ ಮಾತಾಡೋಕೆ ಜನ ಇಲ್ಲ. ಕಂಪ್ನಿಯೋರ ಹತ್ರ ಫೀಸ್ ಕೇಳಿ ಇಂಟರ್‌ನ್ಯಾಷನಲ್‌ಗೇ ಹಾಕಿ.

ಕುವೆಂಪುನಗರದ ಅಮ್ಮ:
ಐದು ವರ್ಷದ ಕೆಲ್ಸ ಸರ್. ಕಂಪ್ನಿ ಫೀಸ್ ಕೊಡಲ್ಲ ಅಂದ್ಬಿಟ್ಟಿದೆ. ಮೇಷ್ಟ್ರೇ ಥ್ಯಾಂಕ್ಸ್, ಅತ್ತೆಗೆ ಓದಿ ಹೇಳ್ದೆ.

ಸರಸ್ವತಿಪುರಂ ಟು ಬುಡಾ:
ಐದು ವರ್ಷ ಅಂದ್ರೆ ಯೋಚ್ನೇನೇ ಮಾಡ್ಬೇಡಿ, ಹಾಕಿ. ಪಕ್ಕದ್ಮನೆ ಮಕ್ಕಳ ಜೊತೆ ಆಡೋಕೆ ಅವ್ಳಿಗೆ ಆ ಭಾಷೆ ಬೇಕೇ ಬೇಕು. ಹೊರಗಿನ ಮಕ್ಕಳಿಗೆ ಬೇರೆಯಾಗಿ ಹಂಗೇರಿಯನ್ ಹೇಳ್ಕೊಡ್ತೀರಾ ಅಂತ ಸ್ಕೂಲಲ್ಲಿ ಕೇಳಿ, ಎಲ್ಲಾ ಕಡೆ ಇರಲ್ಲ, ಇರೋ ಕಡೆನೇ ಸೇರಿಸಿ. ಒಂದನೇ ಕ್ಲಾಸ್ ಕನ್ನಡ ಪುಸ್ತಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಪಿಡಿಎಫ್ ಸಿಗತ್ತೆ, ಅಲ್ಲೇ ಪ್ರಿಂಟ್ ಹಾಕಿಸ್ಕೊಂಡು ಬನ್ನಿ, ಕಾಪಿ ಪುಸ್ತಕಾನೂ ತನ್ನಿ.