ಅಪ್‌ಡೇಟ್: ಇಂಡಸ್ಟ್ರಿಯಲ್ ಎಂಜಿನಿಯರಿಂಗೇ ತಗೊಂಡೆ

ಸಿಇಟಿ ಸೀಟ್ ಆಯ್ಕೆ ಹೊತ್ತಲ್ಲಿ ಇಲ್ಲಿ ಕೇಳಿದ್ದೆ, ಮೆಕ್ಯಾನಿಕಲ್ ಬಿಟ್ಟು ಇಂಡಸ್ಟ್ರಿಯಲ್ ತಗೊಳ್ಳಲಾ ಅಂತ. ತಗೊಂಡೆ. ಈಗ ಐದನೇ ಸೆಮಿಸ್ಟರ್.

ಮೊದಲ ವರ್ಷ ಎಲ್ಲ ಬ್ರಾಂಚಿಗೂ ಹೆಚ್ಚುಕಡಿಮೆ ಒಂದೇ. ವರ್ಕ್ ಸ್ಟಡಿ (ಒಂದು ಕೆಲಸ ಹೇಗೆ ನಡೆಯುತ್ತೆ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಅಳೆದು ಸುಧಾರಿಸೋ ವಿಷಯ) ಶುರುವಾದ ಮೇಲೆ ಮನಸ್ಸು ಹಿಡಿಯಿತು. ಕಳೆದ ತಿಂಗಳು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಕಾಲರ್ ಹೊಲಿಯುವ ಅಕ್ಕ ಪ್ರತಿ ಪೀಸಿಗೂ ಬಗ್ಗಿ ಕೆಳಗಿನ ಬುಟ್ಟಿಯಿಂದ ಬಟ್ಟೆ ಎತ್ತುತ್ತಿದ್ದರು. ಬುಟ್ಟಿಯನ್ನು ಎಡಗೈ ಪಕ್ಕ, ಮೇಜಿನ ಎತ್ತರಕ್ಕೆ ಇಟ್ಟೆವು. ‘ಸೊಂಟ ನೋವು ಕಮ್ಮಿ ಆಯ್ತು ಕಣಪ್ಪ’ ಅಂದರು. ಅಳೆದ ಸಮಯವನ್ನು ರೇಟಿಂಗ್‌ನಿಂದ (ಕೆಲಸದ ವೇಗ ಮಾಮೂಲಿಗೆ ಹೋಲಿಸಿದರೆ ಎಷ್ಟು ಅನ್ನೋ ಅಂದಾಜು) ಗುಣಿಸಿ, ದಣಿವಿನ ಅಲೊವೆನ್ಸ್ (ಸುಧಾರಿಸಿಕೊಳ್ಳಲು ಕೊಡೋ ಹೆಚ್ಚುವರಿ ಸಮಯ) ಸೇರಿಸಿದರೇ ಸ್ಟ್ಯಾಂಡರ್ಡ್ ಟೈಮ್, ಅಂದರೆ ಆ ಕೆಲಸಕ್ಕೆ ನಿಗದಿ ಮಾಡೋ ಸಮಯ. ಆ ಅಲೊವೆನ್ಸ್‌ನಲ್ಲಿ ಜಿಪುಣತನ ಮಾಡಬಾರದು ಅಂತ ಅವತ್ತು ಗೊತ್ತಾಯಿತು.

ಆಪರೇಷನ್ಸ್ ರಿಸರ್ಚ್ (ಗಣಿತದಿಂದ ಅತ್ಯುತ್ತಮ ನಿರ್ಧಾರ ಹುಡುಕೋ ವಿಷಯ) ಮಾತ್ರ ಕಷ್ಟ. ಅದರಲ್ಲಿ ಬರೋ ಸಿಂಪ್ಲೆಕ್ಸ್ ಅನ್ನೋ ವಿಧಾನದ, ಹಂತ ಹಂತವಾಗಿ ಕೋಷ್ಟಕ ಹಾಕೋ ಲೆಕ್ಕ ದಿನಾ ಕೈಯಲ್ಲೇ ಬಿಡಿಸಬೇಕು.

‘ಧೈರ್ಯವಾಗಿ ತಗೋ’ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.