ಸಹಾಯ ಬೇಕು: ಸಾರ್ಸರರ್‌ಗೆ ಒಂದು ಮಂತ್ರ ಹೆಚ್ಚಿಗೆ ಕೊಡಬಹುದಾ?

ಎಲ್ರಿಗೂ ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ನಾವು ಐದು ಜನ ಭಾನುವಾರ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ರು ಒಂದೊಂದು ಪಾತ್ರ ವಹಿಸಿ ಕಥೆ ಕಟ್ಟುತ್ತಾ ಆಡೋ ಆಟ) ಆಡ್ತೀವಿ, 2014ರ ನಿಯಮ. ಆಟ ನಡೆಸೋದು ನಾನು. ಎಲ್ರೂ 3ನೇ ಲೆವೆಲ್.

ಹೋದ ವಾರದ ಆಟದಲ್ಲಿ ಸತ್ತ ವಿಝಾರ್ಡ್ (ಪುಸ್ತಕ ಓದಿ ಮಂತ್ರ ಕಲಿಯೋ ಮಾಂತ್ರಿಕ) ಒಬ್ಬನ ಮಂತ್ರದ ಪುಸ್ತಕ ಸಿಕ್ತು. ನಮ್ಮ ವಿಝಾರ್ಡ್, ಮಂತ್ರದ ಒಂದೊಂದು ಲೆವೆಲ್‌ಗೆ 2 ತಾಸು, 50 ಚಿನ್ನದ ನಾಣ್ಯ ಲೆಕ್ಕದಲ್ಲಿ ನಕಲು ಮಾಡ್ಕೊಂಡ. ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರೋ ಪಾತ್ರ) ಆಡೋ ನನ್ನ ತಂಗಿ ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು "ನಂಗೂ ಬೇಕು ಅಣ್ಣ" ಅಂದ್ಲು. ನಿನ್ನ ಶಕ್ತಿ ಹುಟ್ಟಿನಿಂದ ಬಂದಿದ್ದು, ಪುಸ್ತಕ ನೋಡಿ ಕಲಿಯೋಕಾಗಲ್ಲ ಅಂದೆ. ಇಬ್ರಿಗೂ ಸ್ಲಾಟ್ (ಎಷ್ಟು ಸಲ ಮಂತ್ರ ಹಾಕಬಹುದು ಅನ್ನೋ ಲೆಕ್ಕ) ಒಂದೇ, 1ನೇ ಲೆವೆಲ್ ಮಂತ್ರಕ್ಕೆ 4, 2ನೇ ಲೆವೆಲ್‌ಗೆ 2. ಆದ್ರೆ ಅವನ ಪುಸ್ತಕದಲ್ಲಿ ಮೊದಲೇ 10 ಮಂತ್ರ, ಇವಳಿಗೆ ಗೊತ್ತಿರೋದು ಬರೀ 4. ಮುಖ ಸಣ್ಣದು ಮಾಡ್ಕೊಂಡು ಕೂತ್ಲು, ನನಗೂ ಕರುಳು ಚುರ್ ಅಂತು.

ಮೆಟಾಮ್ಯಾಜಿಕ್ (ಮಂತ್ರ ಕೆಲಸ ಮಾಡೋ ರೀತಿ ಬದಲಿಸೋ ಶಕ್ತಿ) ನಿನಗೆ ಮಾತ್ರ ಇರೋದು ಅಂತ ತಿಳಿಸಿ ಹೇಳ್ದೆ, ಒಂದೇ ಮಂತ್ರ ಇಬ್ಬರ ಮೇಲೆ ಹಾಕಿಸಿ ತೋರಿಸ್ದೆ. ಆದ್ರೆ ಅದಕ್ಕೆ ಖರ್ಚು ಮಾಡೋಕೆ ಇರೋ 3 ಪಾಯಿಂಟ್ ಒಂದೇ ಕಾಳಗಕ್ಕೆ ಖಾಲಿ. ವಾರ್ಲಾಕ್ (ಇನ್ನೊಂದು ಬಗೆಯ ಮಾಂತ್ರಿಕ ಪಾತ್ರ) ಆಗು, ಸ್ವಲ್ಪ ವಿಶ್ರಾಂತಿಗೇ ಸ್ಲಾಟ್ ವಾಪಸ್ ಬರುತ್ತೆ ಅಂದ್ರೂ ಒಲ್ಲೆ ಅಂತಾಳೆ.

ಈಗ ನಿಯಮ ಮೀರಿ ಅವಳಿಗೆ ಆ ಪುಸ್ತಕದ ಒಂದೇ ಒಂದು ಮಂತ್ರ ಕೊಟ್ರೆ ವಿಝಾರ್ಡ್ ಆಡೋನಿಗೆ ಅನ್ಯಾಯ ಆಗುತ್ತಾ? ಆಡಿಸಿ ಅನುಭವ ಇರೋರು ದಯವಿಟ್ಟು ಹೇಳಿ.