ಡಾಕ್ಟ್ರನ್ನು ಕೇಳಿ: ಕೊಲೊನೋಸ್ಕೋಪಿ, ಪಾಲಿಪ್, ಮತ್ತೆ ಒಂದು ಚಪ್ಪಟೆ ಬೆಳವಣಿಗೆಯ ವಿಷಯ

ಅಡ್ಮಿನ್: ಇವತ್ತು ರಾತ್ರಿ 9ರಿಂದ ಗ್ಯಾಸ್ಟ್ರೋ ಡಾಕ್ಟ್ರು ಗ್ರೂಪಲ್ಲಿ ಇರ್ತಾರೆ. ಮಂಗಳೂರಲ್ಲಿ ಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವುದು) ಮಾಡುವವರು, ಪಿಜಿಗಳಿಗೆ, ಅಂದ್ರೆ ಮುಂದಿನ ಡಿಗ್ರಿ ಓದುವ ಡಾಕ್ಟ್ರುಗಳಿಗೆ, ಕಲಿಸುವವರೂ ಹೌದು. ಕರುಳಿನ ವಿಷಯ ಮಾತ್ರ ಕೇಳಿ.

ಸುರತ್ಕಲ್ ಸದಸ್ಯರು: ನಮಸ್ತೆ ಡಾಕ್ಟ್ರೇ, ಕೊಲೊನೋಸ್ಕೋಪಿ ತುಂಬ ನೋವಾಗ್ತದಾ?

ಡಾಕ್ಟ್ರು: ನಮಸ್ತೆ. ಸೆಡೇಶನ್ (ನಿದ್ದೆ ಬರುವ ಮದ್ದು) ಕೊಡ್ತೇವೆ. ಆಮೇಲೆ ಸ್ವಲ್ಪ ಹೊತ್ತು ಹೊಟ್ಟೆ ಉಬ್ಬಿದ ಹಾಗೆ ಆಗ್ತದೆ, ಅಷ್ಟೇ.

ಕಾಪು ಸದಸ್ಯೆ: ಅಮ್ಮನ ರಿಪೋರ್ಟಲ್ಲಿ ಪಾಲಿಪ್ ಅಂತ ಉಂಟು. ಕ್ಯಾನ್ಸರಾ ಸಾರ್?

ಡಾಕ್ಟ್ರು: ಪಾಲಿಪ್ ಅಂದ್ರೆ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು, ಕ್ಯಾನ್ಸರ್ ಅಲ್ಲಮ್ಮ. ಕೆಲವು ಜಾತಿಯದ್ದು ವರ್ಷಗಟ್ಲೆ ಬಿಟ್ರೆ ಆಗಬಹುದು, ಅದಕ್ಕೇ ತೆಗೆಯುವುದು. ಬಯಾಪ್ಸಿ ಬರ್ಲಿ.

ಪಿಜಿ: ಸರ್, 54 ವರ್ಷದ ಹೆಂಗಸು, ಬಲಬದಿಯ ಕರುಳಲ್ಲಿ ಸುಮಾರು 12 ಮಿ.ಮೀ. ಚಪ್ಪಟೆ ಲೀಶನ್ (ಬೆಳವಣಿಗೆ), ಮೇಲೆ ಹಳದಿ ಲೋಳೆ. ನಾನು ನೈಸ್ 1 (ಬಣ್ಣ, ರಕ್ತನಾಳ, ಮೇಲ್ಮೈ ನೋಡಿ ಪಾಲಿಪ್ ವಿಂಗಡಿಸುವ ಪದ್ಧತಿಯ ಒಂದನೇ ಗುಂಪು), ಹೈಪರ್‌ಪ್ಲಾಸ್ಟಿಕ್ (ತೊಂದರೆ ಇಲ್ಲದ ಜಾತಿ) ಅಂತ ಬರೆದು ಒಂದು ಚೂರು ಬಯಾಪ್ಸಿ ತೆಗ್ದು, ಉಳಿದದ್ದನ್ನು ಅಲ್ಲೇ ಬಿಟ್ಟೆ. ಬಯಾಪ್ಸಿಯೂ ಹೈಪರ್‌ಪ್ಲಾಸ್ಟಿಕ್ ಅಂತಲೇ ಬಂತು. ಸಾಕಲ್ಲ? ಫೋಟೋ ಹಾಕಿದ್ದೇನೆ.

ಡಾಕ್ಟ್ರು: ಫೋಟೋದ ಮೂಲೆಯಲ್ಲಿ ಪೇಶೆಂಟ್ ಹೆಸರು ಕಾಣ್ತದೆ, ಮೊದಲು ಡಿಲೀಟ್ ಮಾಡಿ.

ಈಗ ಕೇಳಿ. ಸಾಕಾಗುವುದಿಲ್ಲ. ನೈಸ್ 1 ಅಂದ್ರೆ ಹೈಪರ್‌ಪ್ಲಾಸ್ಟಿಕ್ ಮಾತ್ರ ಅಲ್ಲ, ಸೆಸೈಲ್ ಸೆರೇಟೆಡ್ ಲೀಶನ್ (ಬಿಟ್ರೆ ಮುಂದೆ ಕ್ಯಾನ್ಸರ್ ಆಗಬಹುದಾದ ಜಾತಿ) ಕೂಡ ಅದರೊಳಗೇ ಬೀಳ್ತದೆ, ಎರಡನ್ನೂ ಬಿಡಿಸಿ ಹೇಳುವ ಶಕ್ತಿ ಆ ವರ್ಗೀಕರಣಕ್ಕಿಲ್ಲ. ಬಿಡಿಸ್ಲಿಕ್ಕೆ ವಾಸ್ಪ್ ಅನ್ನುವ ಇನ್ನೊಂದು ವರ್ಗೀಕರಣ ಉಂಟು: ಮೋಡದ ಹಾಗಿನ ಮೇಲ್ಮೈ, ಎಲ್ಲಿ ಮುಗೀತದೆ ಅಂತ ಗೊತ್ತಾಗದ ಅಂಚು, ವಕ್ರ ಆಕಾರ, ಕ್ರಿಪ್ಟಿನ (ಒಳಪದರದ ಸಣ್ಣ ಗುಳಿ) ಒಳಗೆ ಕಪ್ಪು ಚುಕ್ಕೆ, ಈ ನಾಲ್ಕರಲ್ಲಿ ಎರಡಾದ್ರೂ ಇದ್ರೆ ಸೆರೇಟೆಡ್ ಅಂತ ಹಿಡೀಬೇಕು. ನಿಮ್ಮ ಫೋಟೋದಲ್ಲಿ ಮೋಡವೂ ಉಂಟು, ಅಂಚೂ ಸಿಗುವುದಿಲ್ಲ. ಆದ್ರೆ ನೀವು ಲೋಳೆ ತೊಳೆಯದೆ ಫೋಟೋ ತೆಗ್ದಿದ್ದೀರಿ. ಆ ಲೋಳೆಯ ಟೋಪಿಯೇ ಒಂದು ಗುರುತು, ಅದನ್ನು ನೋಡಿ, ಬರೆದು, ಆಮೇಲೆ ತೊಳೆದು ಬಿಳಿ ಬೆಳಕಲ್ಲಿ ನೋಡಿ, ಮತ್ತೆ ಎನ್‌ಬಿಐ (ರಕ್ತನಾಳ ಎದ್ದು ಕಾಣುವ ನೀಲಿ-ಹಸಿರು ಬೆಳಕು) ಹಾಕಿ ಹತ್ತಿರ ಹೋಗಿ ಬಣ್ಣ, ರಕ್ತನಾಳ, ಮೇಲ್ಮೈ ಮೂರನ್ನೂ ಬೇರೆ ಬೇರೆ ನೋಡಿ. ಹೆಸರಿಡುವುದು ಎಲ್ಲ ಆದ ಮೇಲೆ. ಮುಚ್ಚಿದ ಫೋರ್ಸೆಪ್ಸ್ (ಬಯಾಪ್ಸಿ ತೆಗೆಯುವ ಚಿಮುಟ) ಪಕ್ಕದಲ್ಲಿಟ್ಟು ನೋಡಿದ್ದೀರಾ? ಅದು 2.5 ಮಿ.ಮೀ., ಅದಕ್ಕಿಂತ ತಗ್ಗಾಗಿ ಉಬ್ಬಿದ್ರೆ ಪ್ಯಾರಿಸ್ ಲೆಕ್ಕದಲ್ಲಿ (ಆಕಾರ ನೋಡಿ ವಿಂಗಡಿಸುವುದು) 0-2ಎ. ರಿಪೋರ್ಟಲ್ಲಿ ಅದೂ ಇಲ್ಲ.

ಬಯಾಪ್ಸಿ ನಂಬಿ ಕೂತ್ಕೊಳ್ಬೇಡಿ. ಸೆರೇಟೆಡ್ ಅಂತ ಹೇಳ್ಲಿಕ್ಕೆ ಪೆಥಾಲಜಿಯವರಿಗೆ ಕ್ರಿಪ್ಟಿನ ಬುಡ ಕಾಣ್ಬೇಕು, ಮೇಲಿಂದ ಕಚ್ಚಿದ ಚೂರಲ್ಲಿ ಹೆಚ್ಚಾಗಿ ಬುಡ ಬರುವುದಿಲ್ಲ. ಅಲ್ಲದೆ ತೆಗೆಯಲಿಕ್ಕಿರುವ ಚಪ್ಪಟೆ ಲೀಶನ್ ನಡುವೆ ಕಚ್ಚಿದ್ರೆ ಗಾಯದ ಕಲೆ ಕಟ್ಟಿ ಮುಂದೆ ತೆಗೆಯುವವನಿಗೆ ಅದನ್ನು ಗೋಡೆಯಿಂದ ಎಬ್ಬಿಸ್ಲಿಕ್ಕೆ ಕಷ್ಟ ಆಗಬಹುದು. ಬಲಬದಿ, 10 ಮಿ.ಮೀ. ಮೇಲೆ, ಇದನ್ನು ಬಿಡುವ ಪ್ರಶ್ನೆಯೇ ಇಲ್ಲ. ನಾಳೆ ಬೆಳಿಗ್ಗೆ ನಿಮ್ಮ ಸೀನಿಯರಿಗೆ ತೋರ್ಸಿ ಆ ಪೇಶೆಂಟನ್ನು ವಾಪಸ್ ಕರೆಸಿ.

ಪಿಜಿ: ಸರಿ ಸರ್. ಇಡೀ ದಿನ 14 ಸ್ಕೋಪ್ ಇತ್ತು, ಗಡಿಬಿಡಿಯಾಯ್ತು.

ಡಾಕ್ಟ್ರು: ಸೀಕಮ್ಮಿಂದ (ದೊಡ್ಡ ಕರುಳಿನ ಶುರುವಿನ ತುದಿ) ನೋಡ್ತಾ ಸ್ಕೋಪ್ ಹೊರಗೆ ಬರ್ಲಿಕ್ಕೆ ಎಷ್ಟು ನಿಮಿಷ ಹಿಡೀತು? ಮೊದಲು 6 ನಿಮಿಷ ಅಂತಿತ್ತು, 2024ರಲ್ಲಿ ಅಮೆರಿಕದ ಗ್ಯಾಸ್ಟ್ರೋ ಡಾಕ್ಟ್ರುಗಳ ಸಂಘಗಳು ಸರಾಸರಿ ಕನಿಷ್ಠ 8 ಅಂದಿದ್ದಾವೆ.

ಬ್ರಹ್ಮಾವರ ಸದಸ್ಯರು: *ಫಾರ್ವರ್ಡ್* ಹರಳೆಣ್ಣೆಗೆ ಪುನರ್ಪುಳಿ ರಸ ಸೇರಿಸಿ 3 ದಿನ ಕುಡಿದರೆ ಕರುಳಿನ ಪಾಲಿಪ್ ಉದುರಿ ಹೋಗುತ್ತದೆ, ಎಲ್ಲರಿಗೂ ಕಳಿಸಿ.

ಡಾಕ್ಟ್ರು: ಪಾಲಿಪ್ ಉದುರುವುದಿಲ್ಲ. ಸ್ಕೋಪಿಗೆ ಮುಂಚೆ ಪುನರ್ಪುಳಿ ಕುಡಿದು ಬರ್ಬೇಡಿ, ಕೆಂಪು ಬಣ್ಣ ಒಳಗೆ ರಕ್ತದ ಹಾಗೆ ಕಾಣ್ತದೆ. ಬೊಂಡದ ನೀರು ಆಗ್ಬಹುದು. ಐರನ್ ಮಾತ್ರೆ ತಿನ್ನುವವರು ಮೊದಲೇ ಹೇಳಿ, ಅದು ಕೆಲವು ದಿನ ಮುಂಚೆ ನಿಲ್ಲಿಸ್ಬೇಕು.

ಮಲ್ಪೆ ಸದಸ್ಯರು: ಪಿಜಿಗಳು ನಮ್ಮ ಕರುಳಲ್ಲಿ ಕಲಿಯುವುದಾ? ಈಗ ಆ ಹೆಂಗಸಿಗೆ ಎರಡನೇ ಸಲ ಜುಲಾಬಿನ ಕಷ್ಟ. ಇದಕ್ಕೆ ಯಾರು ಜವಾಬ್ದಾರಿ?

ಕಾರ್ಕಳ ಸದಸ್ಯೆ: ಮತ್ತೆ ಎಲ್ಲಿ ಕಲಿಯುವುದು ಮಾರಾಯ್ರೆ? ನಿಮಗೆ ಡಾಕ್ಟ್ರು ಹುಟ್ಟುವಾಗಲೇ ಕಲ್ತಿರ್ಬೇಕಾ? ಆ ಹುಡುಗ ಕೇಳಿದ್ದಕ್ಕೆ ಗೊತ್ತಾಯ್ತು, ಕೇಳದವರ ಕತೆ ಯೋಚ್ನೆ ಮಾಡಿ.

ಮಲ್ಪೆ ಸದಸ್ಯರು: ನಿಮ್ಮ ಮನೆಯವರಿಗೆ ಆಗಿದ್ರೆ ಹೀಗೆ ಹೇಳ್ತಿದ್ರಾ.

ಕಾರ್ಕಳ ಸದಸ್ಯೆ: ನಮ್ಮ ಮಾವನಿಗೆ ಆಗಿದೆ. ದೊಡ್ಡ ಹೆಸರಿನ ಡಾಕ್ಟ್ರೇ ಮಾಡಿದ್ದು, ನಾರ್ಮಲ್ ಅಂತ ಬರೆದ್ರು, ಎರಡು ವರ್ಷಕ್ಕೆ ಕ್ಯಾನ್ಸರ್. ನಿಮಗೆ ಎಂಥ ಗೊತ್ತುಂಟು?

ಡಾಕ್ಟ್ರು: ಇಬ್ಬರೂ ನಿಲ್ಲಿಸಿ. ಕಲಿಯುವವನ ಪಕ್ಕದಲ್ಲಿ ಕಲಿಸುವವ ಸ್ಕ್ರೀನ್ ನೋಡಿಕೊಂಡು ನಿಂತಿರ್ಬೇಕು. ಇಲ್ಲಿ ಆ ಜಾಗ ಖಾಲಿ ಇತ್ತು. ಆ ತಪ್ಪು ನಮ್ಮಂಥವರದ್ದು, ಹುಡುಗನ ಮೇಲೆ ಹಾಕ್ಬೇಡಿ.

ಕುಂದಾಪುರ ಸದಸ್ಯರು: ಸಾರ್, ಎಐ ಮಿಷನ್ ಬಂದಿದೆಯಂತೆ, ಅದೇ ಪಾಲಿಪ್ ತೋರಿಸ್ತದೆ ಅಲ್ವಾ?

ಮೂಡುಬಿದಿರೆ ಸದಸ್ಯೆ: ಪೈಲ್ಸಿಗೆ ಆಪರೇಷನ್ ಬೇಕೇ ಬೇಕಾ?

ಸುರತ್ಕಲ್ ಸದಸ್ಯರು: ಸಾರ್, ನಮ್ಮ ಚಿಕ್ಕಪ್ಪ ಕೇಳ್ತಿದ್ದಾರೆ, ಇದು ನೋವಾಗ್ತದಾ?

ಡಾಕ್ಟ್ರು: ಮೇಲೆ ಓದಿ.

ಬ್ರಹ್ಮಾವರ ಸದಸ್ಯರು: ಹರಳೆಣ್ಣೆ ನಮ್ಮ ಹಿರಿಯರು ಕುಡಿಯುತ್ತಿದ್ದರು ಡಾಕ್ಟ್ರೇ, ಎಲ್ಲದಕ್ಕೂ ಇಂಗ್ಲಿಷ್ ಮದ್ದೇ ಆಗ್ಬೇಕಾ.

ಡಾಕ್ಟ್ರು: ಹೊಟ್ಟೆ ಕಟ್ಟಿದ್ದಕ್ಕೆ ಕುಡಿಯುತ್ತಿದ್ರು, ಪಾಲಿಪಿಗೆ ಅಲ್ಲ. ಮಲದಲ್ಲಿ ರಕ್ತ ಕಂಡವರು ನಿಮ್ಮ ಈ ಮೆಸೇಜ್ ನೋಡಿ ಮೂರು ತಿಂಗಳು ಮನೆಯಲ್ಲಿ ಕೂತ್ರೆ? ದಯಮಾಡಿ ಅಳಿಸಿ.

ಬ್ರಹ್ಮಾವರ ಸದಸ್ಯರು ಗ್ರೂಪ್ ಬಿಟ್ಟಿದ್ದಾರೆ.

ಪಿಜಿ: ಸರ್, ಆ ಪೇಶೆಂಟ್ ಮನೆಗೆ ಫೋನ್ ಮಾಡಿದೆ. ಮಗಳು ಎತ್ತಿದ್ರು, ಗುರುವಾರ ಕರ್ಕೊಂಡು ಬರ್ತಾರಂತೆ. ಸೀನಿಯರಿಗೂ ಹೇಳಿದೆ.

ಡಾಕ್ಟ್ರು: ಒಳ್ಳೇದು. ಪ್ರಿಪರೇಷನ್ (ಕರುಳು ತೊಳೆಯುವ ಜುಲಾಬು) ಅರ್ಧ ಹಿಂದಿನ ರಾತ್ರಿ, ಅರ್ಧ ಅದೇ ಬೆಳಿಗ್ಗೆ ಕೊಡಿ, ಬಲಬದಿ ಕ್ಲೀನ್ ಸಿಗ್ಬೇಕು. ತೆಗೆಯುವಾಗ ನೀವು ಪಕ್ಕದಲ್ಲಿ ನಿಂತು ಅಂಚು ಎಲ್ಲಿ ಮುಗೀತದೆ ಅಂತ ನೋಡಿ.